ಒಬ್ಬಳದೇ ಒಂದು ಫೋಟೋ

ನವೆಂಬರ್ ೪, ಮಂಗಳವಾರ

ಸೋಮೇಶ ಮಧ್ಯಾಹ್ನ ಸ್ಟುಡಿಯೋಗೆ ಬಂದು ಒಂದು ಕ್ಯಾಮೆರಾ ಮೇಜಿನ ಮೇಲಿಟ್ಟ. ಅವರ ಮನೆತನದ್ದು ಹತ್ತಿ ವ್ಯಾಪಾರ. ಆದೋನಿಯ ಹೊರಗೆ ಹತ್ತಿಯಿಂದ ಬೀಜ ಬಿಡಿಸುವ ಅವರ ಜಿನ್ನಿಂಗ್ ಮಿಲ್ಲಿದೆ. ಹುಡುಗನಿಗೆ ದುಡ್ಡಿನ ಬರವಿಲ್ಲ, ತಾಳ್ಮೆಯ ಬರ ಬೇಕಾದಷ್ಟಿದೆ. ಕ್ಯಾಮೆರಾ ಡಿಜಿಟಲ್ಲೇ, ಆದರೆ ಹಿಂದುಗಡೆ ಪರದೆ ಇಲ್ಲ. ತೆಗೆದದ್ದನ್ನು ಅಲ್ಲೇ ನೋಡುವ ಹಾಗಿಲ್ಲ. ಪರದೆ ಇರಬೇಕಾದ ಕಡೆ ಒಂದು ದುಂಡನೆಯ ತಿರುಗಣೆ ಇದೆ, ಅಷ್ಟೆ.

"ಬೇಕಂತ್ಲೇ ಹಂಗ ಮಾಡ್ಯಾರಂತ ಕಾಕಾ," ಎಂದ. "ಹಳೇ ಮಜಾ ಬರ್ಲಿ ಅಂತ. ನನಗ ಮಜಾ ಬರವಲ್ದು, ತಲಿ ಕೆಡಾಕ ಹತ್ತೈತಿ. ನೀವು ರೀಲ್ ಕಾಲದೋರು, ಒಂದ್ ತಿಂಗಳು ಇಟ್ಕೊಂಡು ನೋಡ್ರಿ. ನಮ್ಮ ಮಿಲ್ಲಿಂದೂ ನಾಕು ಫೋಟೋ ತೆಗೀರಿ."

ರೀಲಿನ ಕಾಲದವನು ಎಂದದ್ದಕ್ಕೆ ಸಿಟ್ಟು ಬಂತು. ಕ್ಯಾಮೆರಾ ಕೈಗೆ ತೆಗೆದುಕೊಂಡ ಮೇಲೆ ಇಳಿಯಿತು. ಪೂರಾ ಲೋಹ, ಅಂಗೈಯಲ್ಲಿ ಭಾರವಾಗಿ ಕೂರುತ್ತದೆ. ಇದರಲ್ಲಿ ಲೆನ್ಸಿನ ಒಳಗಿಂದ ನೋಡುವುದಿಲ್ಲ. ಮೂಲೆಯಲ್ಲಿ ಬೇರೆಯೇ ಒಂದು ಸಣ್ಣ ಕಿಟಕಿ ಇದೆ, ಅದರೊಳಗಿಂದ ನೋಡಬೇಕು. ಕಿಟಕಿಯ ನಡುವೆ ಒಂದು ಬೆಳ್ಳನೆಯ ಚೌಕ. ಅದರಲ್ಲಿ ಎದುರಿನ ಮನುಷ್ಯ ಇಬ್ಬರಾಗಿ ಕಾಣುತ್ತಾನೆ. ಲೆನ್ಸಿನ ಬಳೆ ತಿರುಗಿಸುತ್ತ ಇಬ್ಬರನ್ನೂ ಒಬ್ಬನನ್ನಾಗಿ ಮಾಡಿದರೆ ಫೋಕಸ್ ಕೂತಂತೆ. ಸೋಮೇಶನ ಎರಡು ಮೂಗನ್ನು ಒಂದು ಮಾಡಲು ನನಗೆ ಸುಮಾರು ಹೊತ್ತು ಹಿಡಿಯಿತು.

ಮನೆಗೆ ಬಂದಾಗ ಹೆಂಡತಿ ಶಿವಲೀಲಾ ಬಡಿಸಿಟ್ಟು ಒಳಗೆ ಹೋದಳು. ಅವಳ ಊಟ ಈಗ ಬೇರೆ, ಬರೀ ಅಂಬಲಿ. ನಾನು ಟಿವಿ ನೋಡುತ್ತ ಉಂಡೆ. ಅವಳ ಆಪರೇಷನ್ ಈ ತಿಂಗಳ ಕೊನೆಗೆ ಎಂದು ಕರ್ನೂಲಿನ ಡಾಕ್ಟರು ಹೇಳಿದ್ದಾರೆ. ಬಾಯಿಯ ಕ್ಯಾನ್ಸರು, ಎಡಗಡೆಯ ಕೆಳದವಡೆ ತೆಗೆಯಬೇಕಂತೆ. ಇದನ್ನು ಬರೆಯಲು ಕೂತದ್ದಲ್ಲ, ಕ್ಯಾಮೆರಾದ ಬಗ್ಗೆ ಬರೆಯಲು ಕೂತದ್ದು.

ನವೆಂಬರ್ ೭, ಶುಕ್ರವಾರ

ಹತ್ತಿ ಮಾರ್ಕೆಟ್ಟಿಗೆ ಒಯ್ದಿದ್ದೆ. ಒಂದು ಫೋಟೋ ತೆಗೆದ ಕೂಡಲೇ ಕಣ್ಣು ತಾನಾಗಿ ಕ್ಯಾಮೆರಾದ ಬೆನ್ನಿನ ಮೇಲೆ ಹೋಗುತ್ತದೆ. ಅಲ್ಲಿ ಏನಿದೆ, ತಿರುಗಣೆ. ಮತ್ತೊಂದು ತೆಗೆದೆ, ಮತ್ತೆ ಬೆನ್ನು ನೋಡಿದೆ. ಇಪ್ಪತ್ತು ವರ್ಷದ ಡಿಜಿಟಲ್ ಚಟ, ಬೀಡಿ ಚಟಕ್ಕಿಂತ ಕೆಟ್ಟದ್ದು.

ಚೀಲ ಹೊಲಿಯುವ ಹೆಂಗಸರು ಬಿಡಬೇಕಲ್ಲ. "ತೋರ್ಸಣ್ಣಾ," ಎಂದು ಸುತ್ತುವರಿದರು. ಕಾಣುವುದಿಲ್ಲವಮ್ಮ ಎಂದೆ. ಅದರಲ್ಲಿ ಒಬ್ಬಾಕೆ, "ಕಾಣಂಗಿಲ್ಲ ಅಂದ್ಮ್ಯಾಲೆ ಅದೆಂಥಾ ಕ್ಯಾಮೆರಾನೋ, ನಮ್ಮನ್ನ ಹುಚ್ಚರನ್ನ ಮಾಡ್ತೀಯೇನು," ಎಂದು ಮುಖ ತಿರುಗಿಸಿಕೊಂಡು ಹೋದಳು.

ಇದರ ಫೋಟೋಗಳು ನನ್ನ ಹಳೆಯ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುವುದಿಲ್ಲ. ಸೋಮೇಶನ ಲ್ಯಾಪ್‌ಟಾಪಿನಲ್ಲೇ ನೋಡಬೇಕು. ಸಂಜೆ ಮಿಲ್ಲಿಗೆ ಹೋಗಿ ನೋಡಿದೆ. ಸುಳ್ಳು ಯಾಕೆ, ಚೆನ್ನಾಗಿ ಬಂದಿವೆ. ಮುಖ ತಿರುಗಿಸಿಕೊಂಡು ಹೋಗುತ್ತಿರುವ ಆಕೆಯದೇ ಎಲ್ಲಕ್ಕಿಂತ ಚೆನ್ನ.

ನವೆಂಬರ್ ೧೦, ಸೋಮವಾರ

ಆಸ್ಪರಿ ಕಡೆಯಿಂದ ಮಾರೆಪ್ಪ ಎಂಬ ಕುರಿ ಸಾಕುವವನು ಬಂದಿದ್ದ. ಹೆಂಡತಿ ತೀರಿಕೊಂಡಿದ್ದಾಳೆ, ದಿವಸದ ಪೂಜೆಗೆ ದೊಡ್ಡ ಫೋಟೋ ಬೇಕು. ತಂದಿದ್ದು ಮೊಬೈಲಿನಲ್ಲಿ ಯಾರದೋ ಮದುವೆಯ ಗುಂಪಿನ ಫೋಟೋ. ಅದರಲ್ಲಿ ಆಕೆಯ ಮುಖ ಹೆಬ್ಬೆರಳ ಉಗುರಿನಷ್ಟು. ಒಂದು ಭುಜ ಯಾರದೋ ಹಿಂದೆ, ಇನ್ನೊಂದರ ಮೇಲೆ ಯಾರದೋ ಕೈ.

ಈಗ ನನ್ನ ಸ್ಟುಡಿಯೋ ನಡೆಯುವುದೇ ಇಂಥ ಕೆಲಸದಿಂದ. ಮುಖ ಕತ್ತರಿಸಿ ತೆಗೆದು, ಕಂಪ್ಯೂಟರಿನಲ್ಲಿ ತಯಾರಿಟ್ಟಿರುವ ಮೈಯ ಮೇಲೆ ಕೂರಿಸುತ್ತೇನೆ. ಗಂಡಸರಿಗೆ ಕೋಟು ತೊಟ್ಟ ಮೈ, ಬಿಳಿ ಅಂಗಿ ತೊಟ್ಟ ಮೈ. ಹೆಂಗಸರಿಗೆ ಹಸಿರು ರೇಷ್ಮೆ ಸೀರೆಯ ಮೈ. ಆದೋನಿಯಿಂದ ಆಸ್ಪರಿಯ ತನಕ ಗೋಡೆಗಳ ಮೇಲಿರುವ ಎಷ್ಟೋ ತಾಯಂದಿರು ಉಟ್ಟಿರುವುದು ನಾನು ಕೊಟ್ಟ ಅದೊಂದೇ ಸೀರೆ. ಆ ಮೈ ಯಾರದೆಂದು ನನಗೇ ಮರೆತುಹೋಗಿದೆ.

ಮಾರೆಪ್ಪ ಬಹಳ ಹೊತ್ತು ನೋಡಿದ. "ಆಕಿ ರೇಷ್ಮಿ ಉಟ್ಟಾಕಿ ಅಲ್ಲರಿ," ಎಂದ. ಆಮೇಲೆ, "ಮಾರಿನೂ ಆಕಿದು ಅನಸವಲ್ದು. ಇರ್ಲಿ, ಹಿಂಗ ಕೊಡ್ರಿ. ನಾವು ಆಕಿ ಇದ್ದಾಗ ಒಂದು ತೆಗಸಬೇಕಿತ್ತು," ಎಂದ. ಅವನು ಹೋದ ಮೇಲೆ ನಾನು ಅಂಗಡಿಯ ಶಟರ್ ಅರ್ಧ ಇಳಿಸಿ ಕೂತು ಶಿವಲೀಲಾಳ ಫೋಟೋ ಹುಡುಕಿದೆ. ನಮ್ಮ ಮದುವೆಯದರಲ್ಲಿ ನಾನು ಪಕ್ಕದಲ್ಲಿದ್ದೇನೆ. ಮಗಳು ನಾಗಜ್ಯೋತಿಯ ಮದುವೆಯದರಲ್ಲಿ ಬೀಗಿತ್ತಿಯ ಹಿಂದೆ ಅರ್ಧ ಇದ್ದಾಳೆ. ಉಳಿದವುಗಳಲ್ಲಿ ಯಾರದಾದರೂ ಕೈ, ಯಾರದಾದರೂ ತಲೆ. ಫೋಟೋದವನ ಹೆಂಡತಿಯ ಒಬ್ಬಳದೇ ಒಂದು ಫೋಟೋ ಇಲ್ಲ.

ಆಪರೇಷನ್ ಆದ ಮೇಲೆ ತೆಗೆದು ಏನು ಪ್ರಯೋಜನ. ಅದಕ್ಕೆ ಮುಂಚೆ ಒಂದು ಬೇಕೇ ಬೇಕು. ಹಸಿರು ಸೀರೆಯ ಆ ಮೈಗೆ ಅವಳ ತಲೆ ಅಂಟಿಸುವ ಕೈ ನನಗಿಲ್ಲ.

ನವೆಂಬರ್ ೧೨, ಬುಧವಾರ

ಕೇಳಿದೆ. ಹೊಸ ಕ್ಯಾಮೆರಾ, ತೆಗೆದದ್ದು ಇದರಲ್ಲಿ ಕಾಣುವುದಿಲ್ಲ, ಪರೀಕ್ಷೆ ಮಾಡಬೇಕು, ಸ್ವಲ್ಪ ಕೂರು ಎಂದೆ. ಅವಳು ತೊಗರಿಬೇಳೆ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ನಾ ಒಬ್ಬಾಕೇನೇ ಕುಂದ್ರಬೇಕೇನ್ರಿ?"

"ಹೂಂ. ಮಾರಿ ಅಷ್ಟೇ ಬೇಕು."

"ಯಾತಕ್ಕಂತ ನನಗ ತಿಳ್ಯಂಗಿಲ್ಲಂತ ಮಾಡೀರೇನು? ಬ್ಯಾನಿ ಬಿದ್ದೋರ ಒಂಟಿ ಫೋಟೋ ಯಾಕ ತೆಗೀತಾರಂತ ಊರಿಗೆಲ್ಲ ಗೊತ್ತೈತಿ. ನಾನಿನ್ನಾ ಇದೀನಿ. ಈಗ್ಲೇ ನನ್ನ ಗ್ವಾಡಿಗೆ ಏರಸಬ್ಯಾಡ್ರಿ."

ಹಾಗಲ್ಲ ಎಂದೆ. ಎದ್ದು ಹೊರಗೆ ಬಂದೆ. ನನ್ನದು ತಪ್ಪಾ, ಅವಳದು ತಪ್ಪಾ, ಗೊತ್ತಾಗುತ್ತಿಲ್ಲ. ನಾಳೆ ನಾನಿದ್ದು ಅವಳಿಲ್ಲದಿದ್ದರೆ ನೋಡಲು ನನಗೆ ಏನಾದರೂ ಬೇಡವೇ.

ನವೆಂಬರ್ ೧೩, ಗುರುವಾರ

ಮಾತಿಲ್ಲ. ತಟ್ಟೆ ಇಟ್ಟಳು, ಉಂಡೆ.

ನವೆಂಬರ್ ೧೬, ಭಾನುವಾರ

ಇವತ್ತು ಒಪ್ಪಿದಳು. ಹೇಗೆ ಒಪ್ಪಿದಳೆಂದು ನನಗೆ ಇನ್ನೂ ಅರ್ಥವಾಗಿಲ್ಲ.

ಬೆಳಿಗ್ಗೆ ಸೋಮೇಶನ ಮಿಲ್ಲಿನಲ್ಲಿದ್ದೆ. ಹತ್ತಿಯ ರಾಶಿ, ಜಿನ್ನಿನ ಸದ್ದು, ಎಲ್ಲ ತೆಗೆದೆ. ಗಾಳಿಯ ತುಂಬ ಹತ್ತಿಯ ನಾರು ಹಾರಾಡುತ್ತಿತ್ತು, ಮೂಗು ಬಾಯಿ ಎಲ್ಲ ಅದೇ. ಮನೆಗೆ ಬಂದಾಗ ಅವಳು ಹಿತ್ತಲಿನ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಶೇಂಗಾ ಸುಲಿಯುತ್ತ ಕೂತಿದ್ದಳು. ಸುಣ್ಣದ ಗೋಡೆಯಿಂದ ತಿರುಗಿ ಬಂದ ಬೆಳಕು ಮುಖದ ಮೇಲೆ ಬಿದ್ದಿತ್ತು. ಅಂಥ ಬೆಳಕಿಗಾಗಿ ಸ್ಟುಡಿಯೋದಲ್ಲಿ ನಾನು ಲೈಟಿನ ಮುಂದೆ ಎರಡೆರಡು ಛತ್ರಿ ಹಿಡಿಸುತ್ತೇನೆ.

ಏನೂ ಹೇಳದೆ ಕ್ಯಾಮೆರಾ ಎತ್ತಿದೆ. ಅವಳು ತಕ್ಷಣ ಸೆರಗು ಎಳೆದು ಮುಖಕ್ಕೆ ಅಡ್ಡ ಹಿಡಿದಳು. ನಾನೂ ಹಟ ಬಿಡಲಿಲ್ಲ, ಹಾಗೇ ಹಿಡಿದು ನಿಂತೆ. ಸೆರಗಿನ ಮೇಲಿನಿಂದ ಎರಡು ಕಣ್ಣು ಕ್ಯಾಮೆರಾವನ್ನೇ ನೋಡಿದವು. ಸ್ವಲ್ಪ ಹೊತ್ತು. ಆಮೇಲೆ ಏನು ಅನ್ನಿಸಿತೋ, ಸೆರಗು ಇಳಿಸಿದಳು.

"ತೆಗೀರಿ," ಎಂದಳು. "ತೆಗೆದಿದ್ದು ಇಲ್ಲಿ ಕಾಣಂಗಿಲ್ಲ ಅಂದಿದ್ರಲ್ಲ?"

"ಕಾಣಂಗಿಲ್ಲ."

"ಹಂಗಾದ್ರ ತೆಗೀರಿ. ಎಷ್ಟು ಬೇಕೋ ಅಷ್ಟು."

ಎದುರಿಗೆ ಮಣೆ ಹಾಕಿಕೊಂಡು ಕೂತೆ. ಕಿಟಕಿಯೊಳಗೆ ಬೆಳಕು ಸಾಲದೆಂದು ಒಂದು ಕೆಂಪು ಗುರುತು ಮಿನುಗುತ್ತಿತ್ತು. ನಮ್ಮ ಹಿತ್ತಲಿನ ಬೆಳಕು ನನಗೆ ಗೊತ್ತು, ಯಂತ್ರದ ಮಾತು ಕೇಳಲಿಲ್ಲ, ನನ್ನ ಲೆಕ್ಕದಲ್ಲೇ ಇಟ್ಟುಕೊಂಡೆ. ಚೌಕದೊಳಗೆ ಇಬ್ಬರು ಶಿವಲೀಲಾ. ಮೊದಲು ಮೂಗುಬೊಟ್ಟು ಹಿಡಿದು ಕೂಡಿಸಿದೆ. ಅವಳು ಮುಖ ಸ್ವಲ್ಪ ತಿರುಗಿಸಿದಾಗ ಮೂಗುಬೊಟ್ಟು ತಪ್ಪಿಹೋಯಿತು. ಆಗ ಎಡಗಲ್ಲದ ಬಾವಿನ ಅಂಚು ಹಿಡಿಯಬೇಕಾಯಿತು. ಬಾವು ಕಿವಿಯ ಕೆಳಗಿನಿಂದ ಎದ್ದು ಬಾಯಿಯ ಮೂಲೆಯ ತನಕ ಬಂದಿದೆ, ಮೇಲಿನ ಚರ್ಮ ಬಿಗಿದು ಹೊಳೆಯುತ್ತದೆ. ಅದು ಎರಡಾಗಿತ್ತು, ಒಂದು ಮಾಡಿದೆ.

ಒಂದು ತೆಗೆದು ಮತ್ತೊಂದು ತೆಗೆಯುವ ನಡುವೆ ಬೇರೆ ಕ್ಯಾಮೆರಾ ಆಗಿದ್ದರೆ ಹಿಂದಿನ ಪರದೆ ನೋಡುತ್ತಿದ್ದೆ. ಇದರಲ್ಲಿ ನೋಡಲು ಏನೂ ಇಲ್ಲವಾದ್ದರಿಂದ ಅವಳನ್ನೇ ನೋಡುತ್ತ ಕೂತೆ. ಅವಳೂ ನನ್ನನ್ನು ನೋಡುತ್ತಿದ್ದಳು. ನಡುನಡುವೆ ಶೇಂಗಾ ಸುಲಿದು ನನ್ನ ಕಡೆಗೆ ಹಾಕಿದಳು. ಮದುವೆಯಾದ ಹೊಸತರಲ್ಲಿ ಇಬ್ಬರೂ ಮಾಧವರಂ ಕಡೆ ಹೊಳೆ ದಾಟಿ ಹೋಗಿದ್ದು, ನಡುನೀರಲ್ಲಿ ನನ್ನ ಚಪ್ಪಲಿ ತೇಲಿಹೋಗಿದ್ದು, ನಾನು ಕ್ಯಾಮೆರಾ ತಲೆಯ ಮೇಲೆ ಹೊತ್ತು ಅವಳ ಕೈ ಬಿಟ್ಟುಬಿಟ್ಟಿದ್ದು, ಎಲ್ಲ ಹೇಳಿದಳು. ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತದೆ, ಆದರೂ ಹೇಳಿದಳು. ಆ ಹೊಳೆಯ ವಿಷಯ ಅವಳು ಇನ್ನೂ ಬಿಟ್ಟಿಲ್ಲ.

ಬಿಸಿಲು ಗೋಡೆ ಹತ್ತುವ ತನಕ ತೆಗೆದೆ. ಎದೆ ಹಗುರಾಯಿತು. ಇನ್ನು ಏನೇ ಆಗಲಿ, ಅವಳ ಮುಖ ನನ್ನ ಬಳಿ ಇದೆ.

ನವೆಂಬರ್ ೧೭, ಸೋಮವಾರ

ಸೋಮೇಶ ಹತ್ತಿಯ ವ್ಯವಹಾರಕ್ಕೆಂದು ಗುಂಟೂರಿಗೆ ಹೋಗಿದ್ದಾನೆ, ಲ್ಯಾಪ್‌ಟಾಪ್ ಜೊತೆಗೇ ಇದೆ. ಮುಂದಿನ ಸೋಮವಾರ ಬರುತ್ತಾನಂತೆ. ಪರವಾಗಿಲ್ಲ. ರೀಲು ತೊಳೆಯುವ ತನಕ ಕಾಯುತ್ತಿದ್ದವನೇ ನಾನು.

ನವೆಂಬರ್ ೨೦, ಗುರುವಾರ

ಇವತ್ತು ಅವಳು ಉಣ್ಣುವಾಗ ಪಕ್ಕದಲ್ಲಿ ಕೂತಿದ್ದೆ. ಅಂಬಲಿಯನ್ನು ಬಲಗಡೆಯಿಂದ ಹಾಕಿಕೊಂಡು ತಲೆ ಸ್ವಲ್ಪ ವಾಲಿಸಿ ನುಂಗುತ್ತಾಳೆ. ನುಂಗುವಾಗ ಬಲಹುಬ್ಬು ಏಳುತ್ತದೆ. ನೋವು ಹೆಚ್ಚಾದಾಗ ಹುಬ್ಬಿನ ಮೇಲೆ ಒಂದು ಸಣ್ಣ ಗೆರೆ ಮೂಡುತ್ತದೆ, ಬಾಯಿಂದ ಏನೂ ಹೇಳುವುದಿಲ್ಲ. ಹಣೆಯ ಬಲಗಡೆಯಲ್ಲಿ ಒಂದು ಗಾಯದ ಕಲೆ ಇದೆ. ಯಾವಾಗಿನದು ಎಂದು ಕೇಳಿದೆ. "ಸಣ್ಣಾಕಿದ್ದಾಗ ಎಮ್ಮಿ ಹಾಯ್ದಿತ್ತು. ಈಗ ಕೇಳ್ತೀರಲ್ಲ," ಎಂದಳು.

ಟಿವಿ ಕೆಟ್ಟಿರಬೇಕು, ಈ ವಾರ ಹಾಕಿದ ನೆನಪಿಲ್ಲ.

ನವೆಂಬರ್ ೨೪, ಸೋಮವಾರ

ಏನೂ ಇಲ್ಲ. ಒಂದೂ ಇಲ್ಲ.

ಸೋಮೇಶ ಸಂಜೆ ಕಾರ್ಡು ಹಾಕಿ ತೆರೆದ. ಮಿಲ್ಲಿನ ಫೋಟೋಗಳು ಬಂದವು. ಹತ್ತಿಯ ರಾಶಿ, ಜಿನ್ನು, ಬೇಲುಗಳು. ಅದಾದ ಮೇಲೆ ಕಪ್ಪು. ಮುಂದಿನದೂ ಕಪ್ಪು. ಅವನು ಒತ್ತುತ್ತಾ ಹೋದ, ಬರೀ ಕಪ್ಪು. ಕಾರ್ಡು ಕೈಕೊಟ್ಟಿದೆಯೇನೋ ಎಂದೆ. ಅವನು ಕ್ಯಾಮೆರಾ ಎತ್ತಿ ನೋಡಿ, "ಕಾಕಾ, ಲೆನ್ಸಿನ ಮ್ಯಾಲಿನ ಕ್ಯಾಪ್ ತೆಗೆದಿದ್ರೇನು?" ಎಂದು ಮೆಲ್ಲಗೆ ಕೇಳಿದ.

ಮಿಲ್ಲಿನಿಂದ ಹೊರಡುವಾಗ ಹತ್ತಿಯ ನಾರು ಒಳಗೆ ಹೋದೀತೆಂದು ನಾನೇ ಕ್ಯಾಪು ಒತ್ತಿ ಹಾಕಿದ್ದೆ. ಬೇರೆ ಕ್ಯಾಮೆರಾ ಆಗಿದ್ದರೆ ಕಣ್ಣಿಟ್ಟ ಕೂಡಲೇ ಕತ್ತಲೆ ಕಂಡು ಗೊತ್ತಾಗುತ್ತಿತ್ತು. ಇದರಲ್ಲಿ ನೋಡುವ ಕಿಟಕಿಯೇ ಬೇರೆ, ಲೆನ್ಸೇ ಬೇರೆ. ಕಿಟಕಿಯಲ್ಲಿ ಅವಳು ಚೆನ್ನಾಗಿಯೇ ಕಾಣುತ್ತಿದ್ದಳು. ಲೆನ್ಸು ಮಾತ್ರ ಕುರುಡಾಗಿತ್ತು. ಕೆಂಪು ಗುರುತು ಪಾಪ ಹೇಳುತ್ತಲೇ ಇತ್ತು.

ಬುಧವಾರ ಆಸ್ಪತ್ರೆಗೆ ಸೇರಿಸಬೇಕು. "ಇನ್ನಾ ನಾಳಿ ಒಂದು ದಿನ ಐತಿ ಕಾಕಾ, ಕ್ಯಾಮೆರಾ ಒಯ್ರಿ, ಮತ್ತೊಮ್ಮೆ ತೆಗೀರಿ," ಎಂದು ಸೋಮೇಶನೇ ಕೊರಳಿಗೆ ಹಾಕಿ ಕಳಿಸಿದ.

ಶಿವಲೀಲಾ ಆಸ್ಪತ್ರೆಯ ಚೀಲ ತುಂಬುತ್ತಿದ್ದಳು. ಬಾಗಿಲಲ್ಲೇ ನಿಂತು ಹೇಳಿದೆ. ಒಂದೂ ಬಂದಿಲ್ಲ, ಕ್ಯಾಪು ತೆಗೆಯದೆಯೇ ತೆಗೆದಿದ್ದೇನೆ, ನನ್ನಂಥ ಮೂರ್ಖ ಇಲ್ಲ ಎಂದೆ. ಅವಳು ಟವೆಲು ಮಡಚುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತಿ ನನಗ," ಎಂದಳು.

"ಏನು ಗೊತ್ತೈತಿ?"

"ಮುಚ್ಚಳ ಹಾಕೇ ಇತ್ತು. ನಿಮಗ ಕಾಣಂಗಿಲ್ಲ, ನಾ ಎದುರಿಗೆ ಕುಂತಿದ್ನಲ್ಲ, ನನಗ ಕಾಣ್ತಿತ್ತು. ಫೋಟೋದೋರ ಮನ್ಯಾಗ ಇಷ್ಟು ವರ್ಷ ಬಾಳೇವು ಮಾಡೀನಿ, ಮುಚ್ಚಳ ಗುರ್ತು ಸಿಗಂಗಿಲ್ಲೇನು?"

"ಮತ್ತ ಹೇಳಬಾರದೇನ ಲೀಲಾ?"

"ಹೇಳಿದ್ರ ಮುಚ್ಚಳ ತೆಗೀತಿದ್ರಿ. ನನಗ ಫೋಟೋ ಬ್ಯಾಡಾಗಿತ್ತು." ಟವೆಲನ್ನು ಚೀಲಕ್ಕೆ ಹಾಕಿದಳು. "ರಿಪೋರ್ಟ್ ಬಂದಾಗಿಂದ ನೀವು ನನ್ನ ಮಾರಿ ನೋಡಿದ್ದು ಅವತ್ತ. ತಟ್ಟಿ ಇಟ್ರ ತಟ್ಟಿ ನೋಡ್ತೀರಿ, ಮಾತಾಡ್ಸಿದ್ರ ಟಿವಿ ನೋಡ್ತೀರಿ. ಅವತ್ತ ನೋಡಾಕ ಹತ್ತಿದ್ರಿ. ನೋಡ್ಲಿ ಅಂತ ಕುಂತೆ."

ದಿನವೂ ನೋಡುತ್ತಲೇ ಇದ್ದೆನಲ್ಲ ಎನ್ನಲು ಬಾಯಿ ತೆರೆದೆ. ಯಾವ ದಿನ ಎಂದು ಅವಳು ಕೇಳಿದ್ದರೆ ಹೇಳಲು ಒಂದು ದಿನವೂ ನೆನಪಾಗಲಿಲ್ಲ. ನನಗೆ ಅಳು ಬಂತು. ಅವಳು ಹತ್ತಿರ ಬಂದು ಕೊರಳಿಂದ ಕ್ಯಾಮೆರಾ ತೆಗೆದು ಮಂಚದ ಮೇಲಿಟ್ಟಳು.

"ಈಗ ಬೇಕಾದ್ರ ತೆಗೀರಿ. ಬ್ಯಾಡ ಅನ್ನಂಗಿಲ್ಲ," ಎಂದಳು.

ನವೆಂಬರ್ ೨೫, ಮಂಗಳವಾರ

ಕ್ಯಾಮೆರಾ ಸೋಮೇಶನಿಗೆ ವಾಪಸ್ ಕೊಟ್ಟು ಬಂದೆ. ತೆಗೆದಿರಾ ಎಂದು ಕೇಳಿದ. ಇಲ್ಲ ಎಂದೆ. ಬೆಳಗಿನಿಂದ ಹಿತ್ತಲಿನ ಕಟ್ಟೆಯ ಮೇಲೆ ನಾನೂ ಶಿವಲೀಲಾನೂ ಕೂತಿದ್ದೆವು, ಬಿಸಿಲು ಹಾಗೇ ಕಳೆದುಹೋಯಿತು. ಸ್ಟುಡಿಯೋ ತೆರೆಯಲಿಲ್ಲ.

ನವೆಂಬರ್ ೨೮, ಶುಕ್ರವಾರ, ಕರ್ನೂಲು

ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ಸಂಜೆಯಾಗುತ್ತಾ ಬಂದಾಗ ಡಾಕ್ಟರು ಹೊರಗೆ ಬಂದು, "ಅಂತಾ ಬಾಗುಂದಿ, ಭಯಪಡಕಂಡಿ," ಎಂದು ತೆಲುಗಿನಲ್ಲಿ ಹೇಳಿದರು, ಎಲ್ಲ ಚೆನ್ನಾಗಿದೆ, ಹೆದರಬೇಡಿ ಎಂದು. ಗಡ್ಡೆ ಪೂರ್ತಿ ತೆಗೆದಿದ್ದಾರಂತೆ. ನಾಗಜ್ಯೋತಿ ನನ್ನ ಕೈ ಹಿಡಿದುಕೊಂಡೇ ಇದ್ದಳು. ಬರೆಯಲು ಆಗುತ್ತಿಲ್ಲ.

ಡಿಸೆಂಬರ್ ೪, ಗುರುವಾರ, ಕರ್ನೂಲು

ಇವತ್ತು ಬ್ಯಾಂಡೇಜು ಬಿಚ್ಚಿದರು. ಗಂಟಲಿಗೆ ಹಾಕಿದ ಕೊಳವೆ ಇನ್ನೂ ತೆಗೆದಿಲ್ಲ, ಮಾತು ಬರುವುದಿಲ್ಲ. ಎಚ್ಚರವಾಗಿದ್ದಳು. ವಾರ್ಡಿನಲ್ಲಿ ಎಲ್ಲೂ ಕನ್ನಡಿ ಇಲ್ಲ. ಬೇಕೆಂದೇ ಇಟ್ಟಿಲ್ಲವೆಂದು ನರ್ಸು ಹೇಳಿದಳು.

ನಾಗಜ್ಯೋತಿ ಒಳಗೆ ಬಂದಾಗ ಶಿವಲೀಲಾ ಅಂಗೈಯನ್ನು ಮುಖದ ಮುಂದೆ ಹಿಡಿದು ಆಡಿಸಿದಳು. ಹೇಗಿದ್ದೇನೆ ಎಂದು ಕೇಳುತ್ತಿದ್ದಾಳೆಂದು ಇಬ್ಬರಿಗೂ ತಿಳಿಯಿತು. ಮಗಳು ಅವಳ ಕಾಲ ಹತ್ತಿರದ ಹೊದಿಕೆ ಸರಿಮಾಡುತ್ತ, "ಏನೂ ಗೊತ್ತಾಗಂಗಿಲ್ಲಮ್ಮಾ, ಮೊದಲಿನಂಗೇ ಅದೀ," ಎಂದಳು. ಶಿವಲೀಲಾ ಕೈ ಇಳಿಸಿ ಗೋಡೆಯ ಕಡೆ ಮುಖ ಮಾಡಿದಳು. ಮಗಳು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತಳು. ಅವಳ ತಪ್ಪಲ್ಲ, ನನಗೂ ಅದೇ ಮಾತು ಬಾಯಿಗೆ ಬಂದಿತ್ತು.

ನಾನು ಸ್ಟೂಲು ಎಳೆದುಕೊಂಡು ಅವಳ ಮುಖದ ಹತ್ತಿರ ಕೂತೆ. ಈ ಕಡೆ ತಿರುಗಿದಳು. ಮತ್ತೆ ಅಂಗೈ ಆಡಿಸಿದಳು. ಮೊಬೈಲಿನಲ್ಲಿ ತೋರಿಸಲೇನೋ ಎಂದು ಜೇಬಿಗೆ ಕೈ ಹಾಕಿದೆ. ಬೇಡವೆಂದು ತಲೆಯಾಡಿಸಿ, ನನ್ನ ಕಣ್ಣಿನ ಕಡೆ ಬೆರಳು ಮಾಡಿ, ಆಮೇಲೆ ನನ್ನ ಬಾಯಿಯ ಕಡೆ ಮಾಡಿದಳು. ನೀವು ನೋಡಿ ಹೇಳಿ ಎಂದು.

ಹೆದರಿಕೆಯಾಯಿತು. ಸುಳ್ಳು ಹೇಳಿದರೆ ಇನ್ನು ಮುಂದೆ ನನ್ನ ಕಡೆ ತಿರುಗುವುದಿಲ್ಲ ಎಂದು ಗೊತ್ತಿತ್ತು. ನೋಡಿದೆ, ಚೆನ್ನಾಗಿ ನೋಡಿದ ಮೇಲೆ ಹೇಳಿದೆ.

"ಎಡಗಲ್ಲ ಒಳಗ ಹೋಗೈತಿ ಲೀಲಾ. ಗದ್ದ ಆ ಕಡೀಗೆ ವಾಲೈತಿ. ಕಿವಿ ಕೆಳಗಿಂದ ತುಟಿ ತನಕ ಹೊಲಿಗಿ ಐತಿ, ಕರೀ ದಾರ. ಎದಿಯಿಂದ ತಂದು ಹಚ್ಚಿದ ಚರ್ಮ ಬ್ಯಾರೆ ಬಣ್ಣ ಐತಿ, ತುಸು ಬೆಳ್ಳಗ. ಕೆಳತುಟಿ ಬಾತೈತಿ. ಮೊದಲಿನಂಗ ಇಲ್ಲ."

ಕಣ್ಣು ಮುಚ್ಚಿದಳು. ಬಲಗಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಒರೆಸಿದೆ. ಹೇಳಬಾರದಿತ್ತೇನೋ ಎನ್ನಿಸಿತು. ಸಾಕೇನು ಎಂದು ಕೇಳಿದೆ. ಅವಳು ಕಣ್ಣು ತೆರೆಯದೆಯೇ ತಡಕಾಡಿ ನನ್ನ ಮಣಿಕಟ್ಟು ಹಿಡಿದು, ಬೆರಳಿನಿಂದ ಎರಡು ಸಲ ತಟ್ಟಿದಳು. ಮುಂದೆ ಹೇಳಿ ಎಂದು.

ಬಲಗಡೆಯಿಂದ ಶುರು ಮಾಡಿದೆ. ಬಲಗಲ್ಲ ಹೇಳಿದೆ, ಮೂಗು ಹೇಳಿದೆ, ರೆಪ್ಪೆ ಹೇಗೆ ಬಾಗಿದೆಯೆಂದು, ಮುಂಗೂದಲು ಎಲ್ಲೆಲ್ಲಿ ನರೆತಿದೆಯೆಂದು ಹೇಳಿದೆ. ನಾನು ನಿಲ್ಲಿಸಿದಾಗಲೆಲ್ಲ ಬೆರಳು ತಟ್ಟುತ್ತಿತ್ತು. ನರ್ಸು ಬಂದು ಹೊತ್ತಾಯಿತು, ಹೊರಗೆ ಹೋಗಿ ಎನ್ನುವ ತನಕ ಹೇಳುತ್ತಲೇ ಇದ್ದೆ.